ಎಲೆಕ್ಟ್ರಿಕ್ ಸ್ಕೂಟರ್: ಶೋರೂಮಿಗೆ ಹೋಗುವ ಮೊದಲು ಮನೆಯ ಪ್ಲಗ್ ಪಾಯಿಂಟ್ ನೋಡಿ

ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೆ ಹೋದಾಗ ವಾರಕ್ಕೆ ಒಬ್ಬರಾದ್ರೂ ಕೇಳ್ತಾರೆ: "ಅಣ್ಣಾ, ಕರೆಂಟ್ ಗಾಡಿ ಹೆಂಗೈತೆ? ತಗೋಬೋದಾ?" ತಿಪಟೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಎರಡು ವರ್ಷದಿಂದ ಎಲೆಕ್ಟ್ರಿಕ್ ಸ್ಕೂಟರ್ ಓಡಿಸ್ತಾ ಇದ್ದೀನಿ. ಹಾಲಿನ ಕ್ಯಾನು, ಹಿಂಡಿ ಮೂಟೆ, ಔಷಧಿ ಹೊಡೆಯೋ ಪಂಪು, ಮಕ್ಕಳ ಸ್ಕೂಲ್ ಬ್ಯಾಗು ಎಲ್ಲಾ ಅದರ ಮೇಲೇ ಹೋಗಿವೆ. ಹಾಗಾಗಿ "ತಗೋ" ಅಂತಾನೋ "ಬೇಡ ಬಿಡು" ಅಂತಾನೋ ಒಂದೇ ಮಾತಲ್ಲಿ ಹೇಳೋಕೆ ನನಗೆ ಬಾಯಿ ಬರಲ್ಲ. ಗಾಡಿ ಒಳ್ಳೇದೇ. ಆದರೆ ಅದು ಎಲ್ಲರ ಮನೆಗೂ, ಎಲ್ಲ ಕೆಲಸಕ್ಕೂ ಹೊಂದಲ್ಲ. ಯಾರಿಗೆ ಹೊಂದುತ್ತೆ, ಯಾರಿಗೆ ಹೊಂದಲ್ಲ ಅನ್ನೋದನ್ನ ಈ ವಾರ ಲೆಕ್ಕ ಹಾಕಿ ನೋಡೋಣ.

ಮೊದಲು ಕಿಲೋಮೀಟರ್ ಬರೆದಿಡಿ

ಒಂದು ವಾರ ನಿಮ್ಮ ಈಗಿನ ಗಾಡಿಯ ಮೀಟರ್ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಡೇರಿಗೆ ದಿನಕ್ಕೆ ಎರಡು ಸಲ, ತೋಟಕ್ಕೆ ಮೂರು ಸಲ, ಸ್ಕೂಲು, ವಾರಕ್ಕೆ ಎರಡು ದಿನ ತಾಲ್ಲೂಕು ಕೇಂದ್ರ ಎಲ್ಲಾ ಸೇರಿ ದಿನಕ್ಕೆ ಸರಾಸರಿ 26-27 ಕಿ.ಮೀ. ಬರುತ್ತೆ. ಅಂದ್ರೆ ತಿಂಗಳಿಗೆ 800 ಕಿ.ಮೀ.

ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿಗೆ ಇದು ಸುಮಾರು 18 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ 1,850 ರೂಪಾಯಿ. ನನ್ನ ಸ್ಕೂಟರಿನ ಬ್ಯಾಟರಿ 3 ಕಿಲೋವ್ಯಾಟ್ ಅವರ್‌ನದು, ಅಂದ್ರೆ ಅದು 3 ಯೂನಿಟ್ ಹಿಡಿಯುತ್ತೆ. ಚಾರ್ಜರ್ ಬಿಸಿಯಾಗಿ ಕಳೆಯೋದೂ ಸೇರಿ ಒಂದು ಫುಲ್ ಚಾರ್ಜಿಗೆ ಸುಮಾರು 3.4 ಯೂನಿಟ್ ಬೇಕು. ಅದಕ್ಕೆ ನಮ್ಮ ರಸ್ತೆಯಲ್ಲಿ, ನಮ್ಮ ಲೋಡಿನಲ್ಲಿ ಸಿಗೋದು 80 ಕಿ.ಮೀ. ತಿಂಗಳಿಗೆ ಹತ್ತು ಚಾರ್ಜು, 34 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಅಂದ್ರೂ 204 ರೂಪಾಯಿ. ಉಳಿತಾಯ ತಿಂಗಳಿಗೆ 1,600 ರೂಪಾಯಿಗೂ ಮೇಲೆ. ಗಾಡಿ ಕೊಳ್ಳುವಾಗ ಪೆಟ್ರೋಲ್ ಗಾಡಿಗಿಂತ 30,000 ರೂಪಾಯಿ ಜಾಸ್ತಿ ಕೊಟ್ಟಿದ್ದರೂ ಸುಮಾರು ಒಂದೂವರೆ ವರ್ಷದಲ್ಲಿ ವಾಪಸ್ ಬಂತು.

ಈಗ ಇನ್ನೊಂದು ಮನೆ ನೋಡಿ. ದಿನಕ್ಕೆ 8 ಕಿ.ಮೀ. ಮಾತ್ರ ಓಡಿಸೋರು. ಅವರಿಗೆ ತಿಂಗಳಿಗೆ ಪೆಟ್ರೋಲ್ 550 ರೂಪಾಯಿ, ಕರೆಂಟು 60 ರೂಪಾಯಿ. ಉಳಿಯೋದು 490. ಅದೇ 30,000 ವಾಪಸ್ ಬರೋಕೆ ಐದು ವರ್ಷ ಬೇಕು. ಅದೂ ಸಾಲ ಮಾಡಿ ತಗೊಂಡಿದ್ದರೆ ಬಡ್ಡಿಯೇ ಉಳಿತಾಯವನ್ನು ನುಂಗುತ್ತೆ. "ನಮ್ಮದು ಸ್ವಲ್ಪ ಓಡಾಟ, ನಮಗೆ ಕರೆಂಟ್ ಗಾಡಿ ಸಾಕು" ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಲೆಕ್ಕ ಉಲ್ಟಾ. ಜಾಸ್ತಿ ಓಡಿಸೋರಿಗೇ ಇದರಲ್ಲಿ ಲಾಭ.

ಇನ್ನು ಕಂಪನಿ ಹೇಳುವ ಮೈಲೇಜು. ಅದು ಪರೀಕ್ಷೆಯ ಲೆಕ್ಕ. ಕಾಗದದಲ್ಲಿ 120 ಇದ್ದರೆ 80-90 ಸಿಗುತ್ತೆ ಅಂತಲೇ ಹಿಡಿಯಿರಿ. ಹಿಂದೆ 50 ಕೆ.ಜಿ. ಹಿಂಡಿ ಮೂಟೆ ಇದ್ದರೆ, ಏರು ಹತ್ತಿದರೆ, ಎದುರುಗಾಳಿ ಬಂದರೆ ಇನ್ನೂ ಇಳಿಯುತ್ತೆ. ಬ್ಯಾಟರಿ ಹಳೇದಾಗ್ತಾ ಹೋದಂತೆ ಇನ್ನೂ ಒಂದಿಷ್ಟು.

ಗೃಹಜ್ಯೋತಿ ಇದೆ, ಫ್ರೀ ಅಲ್ವಾ?

ಇದು ಎರಡನೇ ಪ್ರಶ್ನೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ತಿಳಿದುಕೊಂಡವರಿದ್ದಾರೆ. ಹಾಗಿಲ್ಲ. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮನೆಗೆ ಒಂದು ಮಿತಿ ಗೊತ್ತು ಮಾಡಿರ್ತಾರೆ. ನಿಮ್ಮ ಮಿತಿ 66 ಯೂನಿಟ್ ಅಂದುಕೊಳ್ಳಿ. ಮನೆ ಖರ್ಚು 60, ಗಾಡಿಗೆ 34, ಒಟ್ಟು 94. ಮಿತಿ ಮೀರಿದ 28 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಅದೇನೂ ದೊಡ್ಡ ಹೊರೆಯಲ್ಲ. ಆದರೆ ಈಗಾಗಲೇ 170-180 ಯೂನಿಟ್ ಸುಡುವ ಮನೆಗಳು ಹುಷಾರಾಗಿರಬೇಕು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೇ. ಕಳೆದ ಒಂದು ವರ್ಷದ ಬಿಲ್ಲುಗಳನ್ನು ತೆಗೆದು ನೋಡಿ, ಆಮೇಲೆ ಶೋರೂಮಿಗೆ ಹೋಗಿ.

"ಪಂಪ್‌ಸೆಟ್ ಲೈನ್ ಇದೆಯಲ್ಲ, ಅಲ್ಲೇ ಚುಚ್ಚಿದ್ರಾಯ್ತು" ಅನ್ನೋರೂ ಇದ್ದಾರೆ. ದಯವಿಟ್ಟು ಬೇಡ. ಅದು ನೀರಾವರಿಗೆ ಅಂತ ಕೊಟ್ಟ ಕರೆಂಟು, ಬೇರೆ ಕೆಲಸಕ್ಕೆ ಬಳಸೋದು ಕಾನೂನು ಪ್ರಕಾರ ತಪ್ಪು. ಅದಿರಲಿ, ತೋಟದ ಲೈನಿನ ವೋಲ್ಟೇಜ್ ಏರಿಳಿತ ನಮಗೆಲ್ಲಾ ಗೊತ್ತಿರೋದೇ. ಮೋಟಾರ್ ಸುಟ್ಟರೆ ರಿವೈಂಡಿಂಗ್ ಮಾಡಿಸಬಹುದು. ಚಾರ್ಜರ್ ಸುಟ್ಟರೆ ಹೊಸದೇ ತರಬೇಕು.

ಪ್ಲಗ್ಗು, ಅರ್ಥಿಂಗು, ಜಾಗ

ನಮ್ಮ ಹಳ್ಳಿ ಮನೆಗಳಲ್ಲಿ ನಿಜವಾದ ತೊಂದರೆ ಇಲ್ಲಿದೆ. ಗಾಡಿಯ ಚಾರ್ಜರ್ ಗಂಟೆಗಟ್ಟಲೆ ಒಂದೇ ಸಮ ಕರೆಂಟ್ ಎಳೆಯುತ್ತೆ. ಮೊಬೈಲ್ ಚುಚ್ಚುವ ಸಡಿಲ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ವಯರ್ ಎಳೆದು ಹಾಕಿದರೆ ಪ್ಲಗ್ಗು ಕರಗುತ್ತೆ. ಮೇನ್ ಬೋರ್ಡಿನಿಂದ ಬೇರೆ ದಪ್ಪ ವಯರ್ ಎಳೆಸಿ, ಎಂಸಿಬಿ ಹಾಕಿಸಿ, 15 ಆಂಪಿಯರ್ ಸಾಕೆಟ್ ಕೂರಿಸಿ.

ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಿ ನೋಡಿ. ಮನೆ ಕಟ್ಟುವಾಗ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿ, ಆಮೇಲೆ ಅದಕ್ಕೆ ಒಂದು ಕೊಡ ನೀರು ಹಾಕಿದವರು ಎಷ್ಟು ಜನ? ಬೇಸಿಗೆಯಲ್ಲಿ ಅದು ಒಣಗಿ ನಿಂತಿರುತ್ತೆ. ನನ್ನ ಗಾಡಿ ಮೊದಲನೇ ಏಪ್ರಿಲ್‌ನಲ್ಲಿ ಚಾರ್ಜ್ ಆಗದೆ ನಿಂತಾಗ ನಾನು ಕಂಪನಿಯವರನ್ನು ಬೈದೆ. ತಪ್ಪು ನಮ್ಮ ಗುಂಡಿಯದ್ದಾಗಿತ್ತು. ನಾಲ್ಕು ಬಿಂದಿಗೆ ನೀರು ಸುರಿದ ಮೇಲೆ ಸರಿಯಾಯ್ತು.

ಸಂಜೆ ಆರರಿಂದ ಹತ್ತರವರೆಗೆ ನಮ್ಮಲ್ಲಿ ವೋಲ್ಟೇಜ್ ಬಿದ್ದಿರುತ್ತೆ. ನಾನು ಊಟ ಆದ ಮೇಲೆ ಚಾರ್ಜಿಗೆ ಹಾಕ್ತೀನಿ. ಅಷ್ಟೊತ್ತಿಗೆ ಗಾಡಿಯ ಬಿಸಿಯೂ ಆರಿರುತ್ತೆ. ಬಿಸಿಲಲ್ಲಿ ಓಡಿಸಿಕೊಂಡು ಬಂದ ತಕ್ಷಣ ಚುಚ್ಚಬೇಡಿ.

ಜಾಗದ ವಿಷಯ ಇನ್ನೂ ಮುಖ್ಯ. ಹುಲ್ಲಿನ ಬಣವೆ ಪಕ್ಕ, ಕೊಬ್ಬರಿ ಅಟ್ಟದ ಕೆಳಗೆ, ತೆಂಗಿನ ಮಟ್ಟೆ ರಾಶಿ ಹತ್ತಿರ ಯಾವತ್ತೂ ಚಾರ್ಜ್ ಮಾಡಬೇಡಿ. 2022ರಲ್ಲಿ ದೇಶದ ಹಲವು ಕಡೆ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಯಾಗಿದೆ ನಿಜ. ಆದರೂ ಗಾಳಿಯಾಡುವ ಜಗಲಿಯೇ ಸರಿಯಾದ ಜಾಗ. ಇಲಿ ಕಾಟ ಇದ್ದರೆ ವಯರ್ ಆಗಾಗ ನೋಡ್ತಾ ಇರಿ.

ಹಸು ಕರು ಹಾಕುವ ರಾತ್ರಿ 18 ಪರ್ಸೆಂಟ್

ಕಳೆದ ವರ್ಷ ಮುಂಗಾರಿಗೂ ಮುಂಚಿನ ಒಂದು ಮಳೆ. ಸಂಜೆ ಗಾಳಿಗೆ ತೆಂಗಿನ ಗರಿ ಲೈನಿನ ಮೇಲೆ ಬಿದ್ದು ಕರೆಂಟ್ ಹೋಯ್ತು. ರಾತ್ರಿ ಹನ್ನೊಂದಕ್ಕೆ ನಮ್ಮ ಮೊದಲ ಸೂಲಿನ ಹಸು ತಿಣುಕೋಕೆ ಶುರುಮಾಡ್ತು. ಒಂದೇ ಕಾಲು ಕಾಣ್ತಿತ್ತು, ಕರು ಅಡ್ಡ ತಿರುಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. "ಬರ್ತೀನಿ, ಆದ್ರೆ ಬಂದು ಕರ್ಕೊಂಡು ಹೋಗಿ" ಅಂದರು. ಅವರ ಮನೆ 14 ಕಿ.ಮೀ. ದೂರ. ಗಾಡಿಯ ಮೀಟರ್ ನೋಡಿದ್ರೆ 18 ಪರ್ಸೆಂಟ್. ಹೋಗೋಕಾಗುತ್ತೆ, ವಾಪಸ್ ಬರೋಕಾಗಲ್ಲ. ಮನೆಯ ಯುಪಿಎಸ್‌ಗೆ ಚುಚ್ಚೋಣ ಅಂದ್ರೆ, 150 ಎಎಚ್ ಬ್ಯಾಟರಿಯಲ್ಲಿ ಇರೋದೇ 1.8 ಯೂನಿಟ್. ಅದನ್ನೂ ಖಾಲಿ ಮಾಡಿದ್ರೆ ಕೊಟ್ಟಿಗೆಗೆ ದೀಪ ಇಲ್ಲ.

ಪಕ್ಕದ ಮನೆಯ ಮಾವನನ್ನು ಎಬ್ಬಿಸಿದೆ. ಅವರ ಹದಿನೈದು ವರ್ಷ ಹಳೆಯ ಪೆಟ್ರೋಲ್ ಬೈಕು ನಾಲ್ಕು ಕಿಕ್ಕಿಗೆ ಸ್ಟಾರ್ಟ್ ಆಯ್ತು. ಕರು ಉಳೀತು, ಹಸುವೂ ಉಳೀತು. "ಏನಪ್ಪಾ, ನಿನ್ನ ಲಕ್ಷದ ಗಾಡಿ ಮಲಗ್ಬುಡ್ತಾ?" ಅಂತ ಮಾವ ಇವತ್ತಿಗೂ ಕೇಳ್ತಾರೆ. ನಾನು ಸುಮ್ಮನೆ ನಗ್ತೀನಿ.

ತಪ್ಪು ಗಾಡಿಯದಲ್ಲ, ನನ್ನದು. ಎಮರ್ಜೆನ್ಸಿಗೆ ಒಂದು ಪೆಟ್ರೋಲ್ ಗಾಡಿ ಮನೆಯಲ್ಲಿ ಇರಬೇಕು, ಇಲ್ಲಾ ಕೂಗಿದ್ರೆ ಕೇಳುವಷ್ಟು ಹತ್ತಿರದಲ್ಲಿ ಇರಬೇಕು. ಒಂದೇ ಗಾಡಿ ಇರುವ ಒಂಟಿ ತೋಟದ ಮನೆಯವರಿಗೆ ಇದನ್ನು ನಾನು ಸದ್ಯಕ್ಕೆ ಹೇಳಲ್ಲ. ಆವತ್ತಿಂದ ನಾನು ಗಾಡಿಯನ್ನು 40 ಪರ್ಸೆಂಟಿಗಿಂತ ಕೆಳಗೆ ಬಿಡಲ್ಲ. ಮೋಡ ಕಟ್ಟಿದ್ರೆ ಮಧ್ಯಾಹ್ನವೇ ಚಾರ್ಜಿಗೆ ಹಾಕ್ತೀನಿ. ಹಸುವಿಗೆ ಮೇವು ಹಾಕಿದ ಹಾಗೆ, ನೆನಪಿಟ್ಟು ಹಾಕಬೇಕು.

ಅಗ್ಗದ ಗಾಡಿ, ಸಬ್ಸಿಡಿ ಆಸೆ

ನಮ್ಮ ಚಿಕ್ಕಪ್ಪನ ಮಗ "ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ" ಅಂತ ಒಂದು ಅಗ್ಗದ ಗಾಡಿ ತಂದ. ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಕಾನೂನು ಹಾಗೆ ಬಿಡುತ್ತೆ, ಅದು ನಿಜ. ಊರೊಳಗೆ ಅಂಗಡಿಗೆ ಹೋಗಿ ಬರೋಕೆ ಸರಿ. ಆದರೆ ಅವನು ಅದರ ಮೇಲೆ ಎರಡು ಕ್ಯಾನು ಹಾಲು ಹೇರಿದ. ಒಳಗಿದ್ದದ್ದು ಲೆಡ್ ಆಸಿಡ್ ಬ್ಯಾಟರಿ. ಒಂದು ವರ್ಷ ಆಗೋದ್ರೊಳಗೆ 20 ಕಿ.ಮೀ. ಬರೋದೂ ಕಷ್ಟ ಆಯ್ತು. ಮಾರಿದವನ ಅಂಗಡಿಗೆ ಹೋದರೆ ಶಟರ್ ಎಳೆದಿತ್ತು, ಬೋರ್ಡೂ ಇರಲಿಲ್ಲ. ಈಗ ಆ ಗಾಡಿ ಮೇಲೆ ಕೋಳಿ ಕೂರುತ್ತೆ.

ಸಬ್ಸಿಡಿ ನಂಬಿಯೂ ಗಾಡಿ ತಗೋಬೇಡಿ. ಒಂದು ಕಿಲೋವ್ಯಾಟ್ ಅವರ್‌ಗೆ 15,000 ಇದ್ದದ್ದು 2023ರ ಜೂನ್‌ನಲ್ಲಿ 10,000ಕ್ಕೆ ಇಳೀತು. 2024ರ ಅಕ್ಟೋಬರ್‌ನಲ್ಲಿ ಪಿಎಂ ಇ-ಡ್ರೈವ್ ಯೋಜನೆ ಬಂದಾಗ 5,000 ಇತ್ತು, ಅದರ ಎರಡನೇ ವರ್ಷಕ್ಕೆ 2,500 ಆಯ್ತು. ಇಳಿಯುವ ನೀರು ಇದು. ಸಬ್ಸಿಡಿ ಇಲ್ಲದೆಯೂ ಲೆಕ್ಕ ಕೂಡಿದರೆ ಮಾತ್ರ ಮುಂದೆ ಹೋಗಿ.

ಇನ್ನೊಂದು, ಬ್ಯಾಟರಿ. ವಾರಂಟಿ ಮುಗಿದ ಮೇಲೆ ಹೊಸದು ಹಾಕಿಸಬೇಕಾಗಿ ಬಂದ್ರೆ ಅರ್ಧ ಲಕ್ಷದ ಆಸುಪಾಸು ಬೇಕು. ಅದಕ್ಕೇ ನಾನು ಉಳಿದ 1,600ರಲ್ಲಿ 500 ರೂಪಾಯಿಯನ್ನು ಪೋಸ್ಟ್ ಆಫೀಸಿನ ಆರ್‌ಡಿಗೆ ಕಟ್ತೀನಿ. ಪೆಟ್ರೋಲ್ ಉಳೀತು ಅಂತ ಪೂರ್ತಿ ಖರ್ಚು ಮಾಡಿದವರು ಬ್ಯಾಟರಿ ಸತ್ತ ದಿನ ಗಾಡಿಯನ್ನ ಗುಜರಿಗೆ ಹಾಕಬೇಕಾಗುತ್ತೆ.

ಡೇರಿಯಲ್ಲೊಂದು ಪ್ಲಗ್ಗು ಯಾಕಿರಬಾರದು?

ಕರ್ನಾಟಕ 2017ರಲ್ಲೇ, ದೇಶದಲ್ಲೇ ಮೊದಲು, ಎಲೆಕ್ಟ್ರಿಕ್ ವಾಹನಗಳಿಗೆ ಅಂತ ನೀತಿ ತಂದ ರಾಜ್ಯ. ಆದರೆ ಚಾರ್ಜಿಂಗ್ ಸ್ಟೇಷನ್ನು, ಸರ್ವಿಸ್ ಸೆಂಟರ್ರು ಎಲ್ಲಾ ಹೈವೇ ಮತ್ತು ಪಟ್ಟಣಕ್ಕೇ ನಿಂತಿವೆ. ನಮ್ಮ ಊರೂರಲ್ಲೂ ಹಾಲು ಉತ್ಪಾದಕರ ಸಂಘ ಇದೆ. ಹಾಲು ತಂಪು ಮಾಡುವ ಬಿಎಂಸಿ ಇರುವ ಕಡೆ ಜನರೇಟರ್ ಕೂಡ ಇರುತ್ತೆ. ಅಲ್ಲಿ ಎರಡು 15 ಆಂಪಿಯರ್ ಪ್ಲಗ್ಗು, ಒಂದು ಸಬ್ ಮೀಟರ್ ಹಾಕಿಸಿ, ಚಾರ್ಜಿನ ದುಡ್ಡನ್ನು ಹಾಲಿನ ಬಟವಾಡೆಯಲ್ಲೇ ಹಿಡಿದರೆ ಏನು ಕಷ್ಟ? ಕರೆಂಟ್ ಹೋದ ರಾತ್ರಿ ನನ್ನಂಥವನಿಗೆ ಒಂದು ದಾರಿ ಇರ್ತಿತ್ತು. ತಾಲ್ಲೂಕಿನ ಐಟಿಐ ಹುಡುಗರಿಗೆ ಈ ಗಾಡಿಗಳ ರಿಪೇರಿ ಕಲಿಸಿ, ಕಂಪನಿಗಳು ಬಿಡಿಭಾಗವನ್ನು ಹೊರಗಿನವರಿಗೂ ಮಾರಿದ್ರೆ, ಒಂದು ಸೆನ್ಸರಿಗೋಸ್ಕರ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗೋದು ತಪ್ಪುತ್ತೆ. ಸಂಘದ ಸಾಮಾನ್ಯ ಸಭೆಯಲ್ಲಿ ನಾನು ಇದನ್ನ ಕೇಳಿದ್ದೀನಿ. ನೀವೂ ಕೇಳಿ.

ಅಲ್ಲಿಯವರೆಗೆ, ಕೊಳ್ಳುವ ಮುಂಚೆ ಐದು ವಿಷಯ ನೋಡಿಕೊಳ್ಳಿ:

1. ದಿನಕ್ಕೆ ಕನಿಷ್ಠ 20-25 ಕಿ.ಮೀ. ಓಡಾಟ ಇದೆಯಾ?
2. ಸರ್ವಿಸ್ ಸೆಂಟರ್ 25 ಕಿ.ಮೀ. ಒಳಗಿದೆಯಾ? ಅಲ್ಲಿಗೆ ಖುದ್ದು ಹೋಗಿ, ರಿಪೇರಿಗೆ ನಿಂತ ಗಾಡಿಗಳ ಮಾಲೀಕರನ್ನೇ ಮಾತಾಡಿಸಿ.
3. ಬ್ಯಾಟರಿ ಲಿಥಿಯಂ ತಾನೇ? ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ., ಬರವಣಿಗೆಯಲ್ಲಿ ಕೊಡ್ತಾರಾ?
4. ಮನೆಯಲ್ಲಿ ಬೇರೆ ಲೈನು, ಸರಿಯಾದ ಅರ್ಥಿಂಗ್, ಗಾಳಿಯಾಡುವ ಜಾಗ ಇದೆಯಾ?
5. ಎಮರ್ಜೆನ್ಸಿಗೆ ಇನ್ನೊಂದು ಗಾಡಿ ಸಿಗುತ್ತಾ?

ಐದಕ್ಕೂ ಹೌದು ಅಂದ್ರೆ ಧೈರ್ಯವಾಗಿ ತಗೊಳ್ಳಿ. ಎರಡಕ್ಕೆ ಇಲ್ಲ ಅಂದ್ರೂ ಇನ್ನೊಂದು ವರ್ಷ ತಡೀರಿ, ಏನೂ ಮುಳುಗಲ್ಲ. ತಗೊಂಡ ಮೇಲೆ ಹಳ್ಳ ತುಂಬಿ ಹರಿಯುವಾಗ ಗಾಡಿ ಇಳಿಸಬೇಡಿ, ಪೈಪ್ ಪ್ರೆಷರ್‌ನಲ್ಲಿ ತೊಳೆಯಬೇಡಿ. ಸದ್ದು ಇಲ್ಲದ ಗಾಡಿ ಇದು. ದನ, ನಾಯಿ, ಕಿವಿ ಮಂದವಾದ ಅಜ್ಜಂದಿರು ಯಾರಿಗೂ ಹಿಂದಿನಿಂದ ಬಂದದ್ದು ಗೊತ್ತಾಗಲ್ಲ. ಹಾರ್ನ್ ಹೊಡೆಯೋಕೆ ಬೇಜಾರು ಮಾಡ್ಕೋಬೇಡಿ.

ಕೊನೆಗೆ ನನ್ನ ಲೆಕ್ಕದ ಪುಸ್ತಕದಲ್ಲಿ ಬರೆಯೋಕಾಗದ ಒಂದು ವಿಷಯ. ಮೊದಲು ನಮ್ಮ ಮನೆಯವಳು ಡೇರಿಗೆ ಹೋಗಬೇಕಂದ್ರೆ ನಾನು ಬರೋವರೆಗೂ ಕಾಯ್ತಿದ್ದಳು. ಹಳೇ ಸ್ಕೂಟರ್ ಇದ್ದರೂ ಪೆಟ್ರೋಲ್ ಹಾಕಿಸೋಕೆ 14 ಕಿ.ಮೀ. ಹೋಗಬೇಕು, ದುಡ್ಡಿಗೆ ನನ್ನನ್ನು ಕೇಳಬೇಕು. ಈಗ ಗಾಡಿ ಜಗಲಿಯಲ್ಲೇ ಚಾರ್ಜ್ ಆಗಿ ನಿಂತಿರುತ್ತೆ. ಬೆಳಿಗ್ಗೆ ಹಾಲು ಅವಳೇ ಹಾಕ್ತಾಳೆ, ಮಗಳನ್ನು ಸ್ಕೂಲಿಗೆ ಅವಳೇ ಬಿಡ್ತಾಳೆ, ಸ್ತ್ರೀಶಕ್ತಿ ಸಂಘದ ಮೀಟಿಂಗಿಗೂ ಹೋಗಿ ಬರ್ತಾಳೆ. ಗಾಡಿ ನನ್ನ ಹೆಸರಲ್ಲಿದೆ. ಆದ್ರೆ ಈಗೀಗ ನನಗೆ ಬೇಕಾದಾಗ ನಾನೇ ಅವಳನ್ನ ಕೇಳಬೇಕು.