ಹಿಂಚಕ್ರದ ಹಿಡಿತ

ಬೆಂಗಳೂರಿನ ವಾಯವ್ಯದ ಅಂಚಿನಲ್ಲಿರುವ ಪೀಣ್ಯವೆಂದರೆ ಲೇತು, ಡ್ರಿಲ್ಲು, ಮಿಲ್ಲಿಂಗ್ ಯಂತ್ರಗಳ ಊರು. 1970ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದಲ್ಲಿ, ನಕ್ಷೆಯೊಂದನ್ನು ಹಿಡಿದು ಹೋದವನಿಗೆ ಲೋಹದ ಬಿಡಿಭಾಗವನ್ನು ಕಡೆದುಕೊಡುವವರಿಗೆ ಬರವಿಲ್ಲ. ಇಂಥ ನಗರದ ತರುಣರು ತಮ್ಮ ಕೈಯಾರೆ ಪಂದ್ಯದ ಕಾರೊಂದನ್ನು ಕಟ್ಟಲು ಹೊರಟರೆ ಅಚ್ಚರಿಯೇನು? ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ 'ಅಶ್ವ ರೇಸಿಂಗ್' ಎಂಬ ವಿದ್ಯಾರ್ಥಿ ತಂಡವು 2003ರಲ್ಲಿಯೇ ಈ ಸಾಹಸಕ್ಕೆ ಕೈಹಾಕಿತು.

ಇಂಥ ಕಾರುಗಳಿಗಾಗಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ 'ಫಾರ್ಮುಲಾ ಭಾರತ್' ಸ್ಪರ್ಧೆ ನಡೆಯುತ್ತ ಬಂದಿದೆ. ಅಲ್ಲಿ ಓಟಕ್ಕೆ ಮೊದಲು ನಿಲುಗಡೆಯ ಪರೀಕ್ಷೆ. ವೇಗವಾಗಿ ಬಂದ ಕಾರು ಪೆಡಲನ್ನು ತುಳಿದೊಡನೆ ನಾಲ್ಕು ಚಕ್ರಗಳೂ ಬಿಗಿದು, ಅಡ್ಡ ತಿರುಗದೆ ನಿಲ್ಲಬೇಕು. ನಿಲ್ಲದಿದ್ದರೆ ತಂಡದ ವರ್ಷದ ಶ್ರಮವೆಲ್ಲ ವ್ಯರ್ಥ. ಆ ಕಾರಿಗೆ ಓಡುವ ಅನುಮತಿಯಿಲ್ಲ.

ಸೈಕಲ್ಲಿನ ಬ್ರೇಕನ್ನು ವಾಚಕರೆಲ್ಲರೂ ಕಂಡಿದ್ದಾರೆ. ಎರಡು ರಬ್ಬರ್ ಕಟ್ಟೆಗಳು ಚಕ್ರದ ಬಳೆಯನ್ನು ಇಕ್ಕೆಲಗಳಿಂದ ಅದುಮುತ್ತವೆ. ಕಾರಿನಲ್ಲಿ ಬಳೆಯ ಬದಲು ಚಕ್ರದೊಡನೆ ಸುತ್ತುವ ಉಕ್ಕಿನ ಡಿಸ್ಕ್ ಉಂಟು. ಅದನ್ನು ಅದುಮುವ ಇಕ್ಕಳವೇ ಕ್ಯಾಲಿಪರ್. ಹಿಂಚಕ್ರದ ಕ್ಯಾಲಿಪರನ್ನು ಅಚ್ಚಿನ ಮುಂದೆ ಕೂರಿಸಬೇಕೋ, ಹಿಂದೆಯೋ? ಕಾರು ಕಟ್ಟುವವರು ಬಹುಕಾಲ ಚರ್ಚಿಸುವ ಪ್ರಶ್ನೆಯಿದು.

ಕಾರನ್ನು ನಿಲ್ಲಿಸುವ ಬಲಕ್ಕೆ ಈ ಸ್ಥಾನದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಚ್ಚಿನಿಂದ ಅಷ್ಟೇ ದೂರದಲ್ಲಿ, ಅಷ್ಟೇ ಬಲದಿಂದ ಅದುಮಿದರೆ ಎಲ್ಲಿಂದಲಾದರೂ ಒಂದೇ ಫಲ. ವ್ಯತ್ಯಾಸ ಕಾಣುವುದು ಬೇರಿಂಗಿನಲ್ಲಿ. ಕಾರು ಮುಂದೋಡುವಾಗ ಡಿಸ್ಕಿನ ಮುಂದಿನ ಅಂಚು ಕೆಳಗಿಳಿಯುತ್ತದೆ, ಹಿಂದಿನ ಅಂಚು ಮೇಲೇರುತ್ತದೆ. ಮುಂದಿರುವ ಕ್ಯಾಲಿಪರ್ ಇಳಿಯುವ ಅಂಚನ್ನು ತಡೆಯುವಾಗ ಡಿಸ್ಕನ್ನು ಮೇಲಕ್ಕೆ ನೂಕುತ್ತದೆ. ನೆಲವೂ ಚಕ್ರವನ್ನು ಮೇಲಕ್ಕೇ ನೂಕುವುದರಿಂದ ಎರಡು ಬಲಗಳೂ ಕೂಡಿಕೊಳ್ಳುತ್ತವೆ. ಹಿಂದಿರುವ ಕ್ಯಾಲಿಪರ್ ಡಿಸ್ಕನ್ನು ಕೆಳಕ್ಕೆ ಒತ್ತುವುದರಿಂದ ಒಂದರಲ್ಲಿ ಇನ್ನೊಂದು ಕಳೆಯುತ್ತದೆ.

ಲೆಕ್ಕಕ್ಕಾಗಿ ಹಿಂಚಕ್ರವೊಂದರ ಮೇಲೆ 60 ಕಿಲೋ ಭಾರವಿದೆಯೆಂದೂ, ನೆಲ ಅದನ್ನು 48 ಕಿಲೋ ಬಲದಿಂದ ತಡೆಯುತ್ತದೆಂದೂ ಭಾವಿಸೋಣ. ಟೈರಿನ ತ್ರಿಜ್ಯ 22.5 ಸೆಂಟಿಮೀಟರ್; ಅಚ್ಚಿನಿಂದ ಕ್ಯಾಲಿಪರ್ ಹಿಡಿಯುವ ಜಾಗಕ್ಕೆ 9 ಸೆಂಟಿಮೀಟರ್. ಆಗ ಕ್ಯಾಲಿಪರಿನ ಬಲ 120 ಕಿಲೋ ಆಗಬೇಕು. ಕ್ಯಾಲಿಪರ್ ಮುಂದಿದ್ದರೆ ಬೇರಿಂಗಿಗೆ ಮೇಲುಮುಖವಾಗಿ 180 ಕಿಲೋ ಹೊರೆ. ಹಿಂದಿದ್ದರೆ ಕೆಳಮುಖವಾಗಿ 60 ಕಿಲೋ ಮಾತ್ರ.

ಹಾಗಾದರೆ ಹಿಂದೆಯೇ ಕೂರಿಸಬಾರದೇಕೆ? ಇಲ್ಲಿಯೇ ತೊಡಕು. ಅಡ್ಡೆಯ ತುದಿಗಳಲ್ಲಿ ಕೊಡಗಳನ್ನು ಹೊತ್ತವನು ಥಟ್ಟನೆ ತಿರುಗಲಾರ. ಕೊಡಗಳು ಮೈಗೆ ಹತ್ತಿರವಿದ್ದರೆ ತಿರುಗುವುದು ಸುಲಭ. ತಿರುವುಗಳಲ್ಲಿ ಗೆಲ್ಲಬೇಕಾದ ಕಾರಿನ ಭಾರವೂ ಹಾಗೆಯೇ ನಡುವಿಗೆ ಹತ್ತಿರವಿರಬೇಕು. ಮುಂಚಕ್ರದಲ್ಲಿ ಅಚ್ಚಿನ ಹಿಂದಣ ಸ್ಥಾನವೇ ಕಾರಿನ ನಡುವಿಗೂ ಸಮೀಪವಾದುದರಿಂದ ಎರಡು ಉದ್ದೇಶಗಳೂ ಒಟ್ಟಿಗೆ ಈಡೇರುತ್ತವೆ. ಹಿಂಚಕ್ರದಲ್ಲಿ ಬೇರಿಂಗಿನ ಹಿತ ಅಚ್ಚಿನ ಹಿಂದೆ, ಕಾರಿನ ಹಿತ ಅಚ್ಚಿನ ಮುಂದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿದು ಹಿಂಬದಿಯ ಬ್ರೇಕಿನ ಪಾಲು ಕಡಿಮೆಯಾಗುವುದರಿಂದ, ಗಟ್ಟಿಯಾದ ಬೇರಿಂಗನ್ನು ಆರಿಸಿ ಕ್ಯಾಲಿಪರನ್ನು ಮುಂದಿಡುವುದೂ ಸಾಧ್ಯ.

ಇನ್ನು ಚಕ್ರವನ್ನೇ ಬಿಟ್ಟು, ಡಿಫರೆನ್ಷಿಯಲಿನ ಬಳಿ ಒಂದೇ ಡಿಸ್ಕನ್ನಿಟ್ಟು ಎರಡು ಹಿಂಚಕ್ರಗಳನ್ನೂ ತಡೆಯುವ ಮಾರ್ಗವುಂಟು. ಚಕ್ರ ಹಗುರವಾಗುತ್ತದೆ. ಆದರೆ ತಡೆಯುವ ಬಲವೆಲ್ಲ ನಡುವಣ ದಂಡದ ಮೂಲಕ ಸಾಗಬೇಕು. ದಂಡ ತುಂಡಾದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ. 1970ರಲ್ಲಿ ಇಟಲಿಯ ಮೋಂಜಾದಲ್ಲಿ ಯೋಖೆನ್ ರಿಂಟ್ ಅಭ್ಯಾಸದ ಓಟದಲ್ಲಿ ಪ್ರಾಣ ಕಳೆದುಕೊಂಡರು. ಅವರ ಲೋಟಸ್ 72 ಕಾರಿನ ಬಲ ಮುಂಚಕ್ರದ ಬ್ರೇಕ್ ದಂಡ ಮುರಿದುದರಿಂದ ಅಪಘಾತ ಆರಂಭವಾಯಿತೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ವರ್ಷದ ವಿಶ್ವಚಾಂಪಿಯನ್ ಪಟ್ಟ ಮರಣಾನಂತರ ಅವರಿಗೆ ಸಂದಿತು.

ಇವೆಲ್ಲಕ್ಕಿಂತ ಸಣ್ಣದಾದ, ಆದರೆ ಕೊನೆಯ ಮಾತನ್ನಾಡುವ ಸಂಗತಿಯೊಂದಿದೆ: ಗಾಳಿ. ಬ್ರೇಕ್ ಆಯಿಲಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ತುಳಿತವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಮುಗಿದು ಪೆಡಲು ಹತ್ತಿಯಂತೆ ಮೆತ್ತಗಾಗುತ್ತದೆ. ಗಾರೆಯವನ ರಸಮಟ್ಟದಲ್ಲಿ ಗುಳ್ಳೆ ಮೇಲಕ್ಕೇ ಸರಿಯುವಂತೆ, ಇಲ್ಲಿಯೂ ಗಾಳಿ ಕ್ಯಾಲಿಪರಿನ ತುದಿಗೇರಿ ಕೂರುತ್ತದೆ. ಗಾಳಿ ಬಿಡುವ ತಿರುಪು ಅತ್ಯಂತ ಮೇಲಿದ್ದರೆ ಮಾತ್ರ ಅದು ಹೊರಬಂದೀತು. ಮೋಟಾರ್ ಸೈಕಲ್ಲಿನ ಕ್ಯಾಲಿಪರನ್ನು ತಂದು ಬೇರೊಂದು ಓರೆಯಲ್ಲಿ ಕೂರಿಸಿದಾಗ, ಅಥವಾ ಎಡದ್ದನ್ನು ಬಲಕ್ಕೆ ತೊಡಿಸಿದಾಗ, ಈ ತಿರುಪು ಕೆಳಗಾಗುತ್ತದೆ. ಅನಿವಾರ್ಯವಾದರೆ ಕ್ಯಾಲಿಪರನ್ನು ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ತುಂಡನ್ನಿಟ್ಟು, ತಿರುಪು ಮೇಲಾಗುವಂತೆ ಹಿಡಿದು ಗಾಳಿ ತೆಗೆದು, ಮತ್ತೆ ಕೂರಿಸಬೇಕು.

ಆದುದರಿಂದ ಲೋಹಕ್ಕೆ ಡ್ರಿಲ್ಲು ಮುಟ್ಟುವ ಮೊದಲು ಕ್ಯಾಲಿಪರನ್ನು ಇಕ್ಕಳದಿಂದ ತಾತ್ಕಾಲಿಕವಾಗಿ ಬಿಗಿದು, ಚಕ್ರವನ್ನು ಪೂರ್ತಿ ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡುವುದು ಜಾಣತನ. ರಿಮ್ಮಿಗೆ ತಗಲುತ್ತದೆಯೇ, ಸಸ್ಪೆನ್ಷನ್ನಿನ ತೋಳಿಗೆ ಅಡ್ಡಬರುತ್ತದೆಯೇ, ಕೊಳವೆ ಸೆಳೆದುಕೊಳ್ಳುತ್ತದೆಯೇ, ತಿರುಪು ಮೇಲಿದೆಯೇ? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಕೊರೆದ ರಂಧ್ರವನ್ನು ಮತ್ತೆ ಮುಚ್ಚಬೇಕಾದ ಪ್ರಮೇಯ ಬಾರದು.