ಚೂರುಮರದ ಲೇಖನಿ

ಬಡಗಿಯ ಕೊಟ್ಟಿಗೆಯಲ್ಲಿ ಸಂಜೆಗೆ ಉಳಿಯುವ ಚೂರುಗಳು ಸಾಮಾನ್ಯವಾಗಿ ಬಚ್ಚಲ ಒಲೆಯನ್ನು ಸೇರುತ್ತವೆ. ಹಲಸಿನ ಹಳದಿ ತುಂಡು, ಬೀಟೆಯ ಕಪ್ಪು ಚಕ್ಕೆ, ತೇಗದ ತುದಿ, ಒಡೆದ ಗೆರಟೆ - ಇವನ್ನೇ ಒಂದಕ್ಕೊಂದು ಅಂಟಿಸಿ, ಒಣಗಿದ ಬಳಿಕ ಲೇತ್ ಯಂತ್ರಕ್ಕೆ ಕೊಟ್ಟು ಕಡೆದರೆ ಪಟ್ಟೆಪಟ್ಟೆಯಾದ ಸುಂದರ ಲೇಖನಿಯೊಂದು ದೊರೆಯುತ್ತದೆ. ಪಶ್ಚಿಮ ದೇಶಗಳಲ್ಲಿ ಇದು ಬಹಳ ಜನರ ಹವ್ಯಾಸ. ಇದನ್ನು ಕುಂದಾಪುರ ಸೀಮೆಯ ಅಮಾಸೆಬೈಲಿನಂಥ ಊರುಗಳ ವಿದ್ಯಾರ್ಥಿಗಳಿಗೆ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ‘ಕಸದಿಂದ ರಸ’ವೆಂಬ ಫಲಕದ ಕೆಳಗೆ ಒಂದು ದಿನ ಪ್ರದರ್ಶಿಸುವುದಕ್ಕಾಗಿ ಅಲ್ಲ.

ಪ್ರದರ್ಶನಗಳು ನಡೆಯುವುದು ಬಹುಮಟ್ಟಿಗೆ ಚಳಿಗಾಲದಲ್ಲಿ. ಆಗ ಎಲ್ಲ ಲೇಖನಿಗಳೂ ಚೆಲುವಾಗಿಯೇ ಇರುತ್ತವೆ. ಆಷಾಢದಲ್ಲಿ ಅವುಗಳ ಸ್ಥಿತಿ ಏನೆಂದು ಯಾರೂ ವಿಚಾರಿಸುವುದಿಲ್ಲ. ಅಮಾಸೆಬೈಲು ಪಶ್ಚಿಮ ಘಟ್ಟದ ಬುಡದಲ್ಲಿದೆ. ಅದೇ ಘಟ್ಟಸಾಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 50 ಇದ್ದಾಗ ಮರದೊಳಗಿನ ನೀರು ಅದರ ಒಣತೂಕದ ಶೇಕಡ 9ರಷ್ಟಿರುತ್ತದೆ. ಆರ್ದ್ರತೆ 90ಕ್ಕೆ ಏರಿ ಹಾಗೆಯೇ ನಿಂತರೆ ಈ ಪ್ರಮಾಣ ಸುಮಾರು ಶೇಕಡ 20ಕ್ಕೆ ಮುಟ್ಟುತ್ತದೆ. ಕಡಿದು ಎಷ್ಟು ವರ್ಷವಾದರೂ ಮರವು ಹೀಗೆ ನೀರನ್ನು ಹೀರುತ್ತ, ಬಿಡುತ್ತ ಇರುವುದು.

ನೀರು ಹೀರಿದ ಮರ ಉಬ್ಬುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಉಬ್ಬುವುದು ನಗಣ್ಯ. ಎಳೆಗೆ ಅಡ್ಡಲಾಗಿ, ಅದರಲ್ಲಿಯೂ ವರ್ಷವಲಯಗಳ ಗುಂಟ, ಉಬ್ಬುವುದು ಹೆಚ್ಚು. ನೀರಿನಂಶ ಶೇಕಡ 10ರಷ್ಟು ಏರಿದರೆ 12 ಮಿಲಿಮೀಟರ್ ಅಗಲದ ತುಂಡು ಈ ದಿಕ್ಕಿನಲ್ಲಿ ಸುಮಾರು 0.3 ಮಿಲಿಮೀಟರ್ ಹಿಗ್ಗಬಹುದು. ಅಲ್ಪವೆಂದು ತೋರೀತು. ಆದರೆ ಪಕ್ಕದಲ್ಲಿ ಅಂಟಿರುವ ಹಿತ್ತಾಳೆಯ ರೇಕು ನೀರಿಗೆ ಕಿಂಚಿತ್ತೂ ಹಿಗ್ಗದು. ಎಳೆ ಬೇರೆ ದಿಕ್ಕಿಗಿರುವ ಇನ್ನೊಂದು ಚೂರು ತನ್ನ ಪಾಡಿಗೆ ಇರುವುದು. ಈ ಜಗಳವೆಲ್ಲ ಕೂದಲಿನಷ್ಟು ತೆಳ್ಳಗಿರುವ ಅಂಟಿನ ಪದರದ ಮೇಲೆ ಬೀಳುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಮಳೆಗಾಲದ ಹಸಿಮರದಲ್ಲಿ ಮಾಡಿದ ಲೇಖನಿ ಮಾಘದಲ್ಲಿ ಕುಗ್ಗತೊಡಗಿದರೆ, ಒಳಗಿರುವ ಹಿತ್ತಾಳೆ ಕೊಳವೆ ಕುಗ್ಗಲು ಬಿಡದ ಕಾರಣ ಮರ ಉದ್ದುದ್ದ ಸೀಳುತ್ತದೆ.

ಹಾಗಾದರೆ ಯಾವ ಅಂಟು? ಚರ್ಮ, ಎಲುಬು ಕುದಿಸಿ ತೆಗೆದ ಹಳೆಯ ಅಂಟು ಒಣನಾಡಿನಲ್ಲಿ ಬಹುಕಾಲ ಬಾಳುವುದು. ಕರಾವಳಿಯ ತೇವಕ್ಕೆ ಸಡಿಲವಾಗುವುದು. ಬಡಗಿಗಳ ಬಿಳಿಯ ಅಂಟು ಮರಕ್ಕೂ ಮರಕ್ಕೂ ಒಳ್ಳೆಯದೇ, ಲೋಹಕ್ಕೆ ಸಲ್ಲದು. ಕ್ಷಣದಲ್ಲಿ ಹಿಡಿಯುವ ಸಯನೋಆಕ್ರಿಲೇಟನ್ನು ಅಮೆರಿಕದ ಹ್ಯಾರಿ ಕೂವರ್ 1942ರಲ್ಲಿ ಕಂಡರು. ಅದು ಮಾರುಕಟ್ಟೆಗೆ ಬಂದುದು 1958ರಲ್ಲಿ. ಗಾಳಿಯ ತೇವವೇ ಅದನ್ನು ಗಟ್ಟಿಗೊಳಿಸುವುದರಿಂದ ನಮ್ಮ ಕಡೆ ಬೇಗನೆ ಹಿಡಿಯುತ್ತದೆ. ಆದರೆ ಅದು ಪೆಡಸು. ಮರ ಅತ್ತಿತ್ತ ಸರಿದರೆ ಬಿರಿಯುತ್ತದೆ. ಎರಡು ದ್ರವಗಳನ್ನು ಬೆರೆಸಿ ಬಳಸುವ ಎಪಾಕ್ಸಿಯೇ ಲೋಹ, ಗೆರಟೆ, ಮರ ಮೂರನ್ನೂ ಕೂಡಿಸಲು ಯೋಗ್ಯ. ಬೀಟೆಯಂಥ ಎಣ್ಣೆಮರವನ್ನು ಮಾತ್ರ ಆಗತಾನೆ ಉಜ್ಜಿ ಹೊಸ ಮೈ ತೆಗೆದು ಕೂಡಲೇ ಅಂಟಿಸಬೇಕು. ಹಲಸಿನ ಮೇಣ ಬಿಡಿಸಲು ಕೈಗೆ ಎಣ್ಣೆ ಸವರುವವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು ಗೊಂಬೆ ಮಾಡುತ್ತಾರೆ. (ಇದು ಕರಾವಳಿಯವರು ಆಷಾಢದ ಅಮಾವಾಸ್ಯೆಯಂದು ಕಷಾಯಕ್ಕೆ ತೊಗಟೆ ತರುವ ಹಾಲೆಮರವಲ್ಲ, ಕುಟುಂಬ ಒಂದೇ, ಜಾತಿ ಬೇರೆ.) ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಹರಡುತ್ತದೆ, ಕೇದಗೆಯ ಎಲೆಯಿಂದ ಉಜ್ಜಿದರೆ ಹೊಳೆಯುತ್ತದೆ. ಅಲ್ಲಿ ಸ್ನೇಹಿತನಾದ ಶಾಖ ಇಲ್ಲಿ ಶತ್ರು. ಹಿತ್ತಾಳೆಯ ರೇಕು ಬೇಗನೆ ಕಾದು ಪಕ್ಕದ ಅಂಟನ್ನು ಮೆತ್ತಗಾಗಿಸುವುದು. ಆದಕಾರಣ ಉಳಿ ಹರಿತವಾಗಿರಬೇಕು, ಕೈ ಹಗುರವಾಗಿರಬೇಕು. 12 ಮಿಲಿಮೀಟರ್ ವ್ಯಾಸದ ಲೇಖನಿ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಅದರ ಮೈ ಉಳಿಯೆದುರು ನಿಮಿಷಕ್ಕೆ 75 ಮೀಟರ್ ಓಡುತ್ತದೆ. ಗಣಿತದ ಉಪಾಧ್ಯಾಯರು ಈ ಲೆಕ್ಕವನ್ನು ಕೊಡಬಹುದು.

ಇದು ಮಿತವ್ಯಯವೆಂದೂ ಪ್ರಕೃತಿಗೆ ಉಪಕಾರವೆಂದೂ ಹೇಳುವವರನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಎಪಾಕ್ಸಿ ಮಣ್ಣಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಅಂಗಡಿಯ ಹತ್ತು ರೂಪಾಯಿಯ ಲೇಖನಿಯೊಡನೆ ಅರ್ಧ ದಿನದ ಕೈಕೆಲಸ ಬೆಲೆಯಲ್ಲಿ ಸೆಣಸಲಾರದು. ಲೇಖನಿ ವರ್ಷಗಟ್ಟಲೆ ಬಾಳಿದರೆ ಮಾತ್ರ ಈ ಲೆಕ್ಕ ಬೇರೆಯಾಗುತ್ತದೆ. ಅದಕ್ಕಾಗಿ ಊರ ಅಂಗಡಿಯಲ್ಲಿ ಸಿಕ್ಕುವ ಸಾಮಾನ್ಯ ಮಸಿಕಡ್ಡಿಯೇ ಅದರೊಳಗೆ ಹೊಂದುವಂತಿರಬೇಕು. ಹೊರದೇಶದ ಅಳತೆಯ ಕಡ್ಡಿಯನ್ನು ಬೇಡುವ ಲೇಖನಿ ಮಸಿ ಮುಗಿದೊಡನೆ ಆಟಿಕೆಯಾಗುತ್ತದೆ.

ವಿದ್ಯುತ್ತಿನ ಪ್ರಶ್ನೆಯೂ ಇದೆ. ಅಮಾಸೆಬೈಲು ಸೌರದೀಪಗಳಿಂದ ಹೆಸರಾದ ಊರು. ಆದರೆ ಮನೆಯ ದೀಪ ಬೆಳಗುವ ಫಲಕ, ಸುಮಾರು 370 ವಾಟ್ ಬೇಡುವ ಅರ್ಧ ಅಶ್ವಶಕ್ತಿಯ ಮೋಟರನ್ನು ತಿರುಗಿಸಲಾರದು. ಬಿಲ್ಲಿನ ಹುರಿಯಿಂದ ತಿರುಗಿಸುವ ಹಳೆಯ ಸಾಧನಕ್ಕೆ ಇದಾವುದೂ ಬೇಡ. ಮೊದಲ ಪಾಠಕ್ಕೆ ಅದೇ ಸಾಕು. ಧೂಳಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಕೂಡದು. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಸಾರಿದೆ. ಗೆರಟೆಯ ಧೂಳೂ ಶ್ವಾಸಕ್ಕೆ ಹಿತವಲ್ಲ. ಮೂಗುಮುಚ್ಚಿಗೆ, ಕನ್ನಡಕ, ಎಪಾಕ್ಸಿ ಬೆರೆಸುವಾಗ ಕೈಗವಸು - ಇವಿಲ್ಲದ ಶಾಲೆ ಈ ಕೆಲಸಕ್ಕೆ ಕೈಹಾಕದಿರಲಿ.

ಕಡೆಯುವ ಮೊದಲು ವಿದ್ಯಾರ್ಥಿಗಳು ಮಾಡಬೇಕಾದ ಪ್ರಯೋಗವೊಂದಿದೆ. ಒಂದೇ ಹಲಗೆಯ ಚೂರುಗಳನ್ನು ಮೂರು ಬಗೆಯ ಅಂಟಿನಿಂದ ಜೋಡಿಸಿ, ಎರಡೆರಡು ಪ್ರತಿ ಮಾಡಿ, ಒಂದನ್ನು ಒಲೆಯ ಮೇಲಿನ ಅಟ್ಟದಲ್ಲಿಯೂ ಇನ್ನೊಂದನ್ನು ಜಗಲಿಯಲ್ಲಿಯೂ ಇಡಲಿ. ವೈಶಾಖದಲ್ಲೊಮ್ಮೆ, ಶ್ರಾವಣದಲ್ಲೊಮ್ಮೆ, ಮಾಘದಲ್ಲೊಮ್ಮೆ ತೂಕವನ್ನೂ ಅಗಲವನ್ನೂ ಬರೆದಿಡಲಿ. ಬಿಟ್ಟುಹೋದ ಜೋಡಣೆಯನ್ನು ಎಸೆಯದೆ, ಮುರಿದುದು ಅಂಟಿನಲ್ಲೋ ಮರದಲ್ಲೋ ಎಂದು ಭೂತಗನ್ನಡಿಯಲ್ಲಿ ನೋಡಲಿ.