ಒಂದು ರಾತ್ರಿಯ ಜ್ವರಕ್ಕೆ ಅಂಜಿ...

ಆರನೇ ವಾರದ ಚುಚ್ಚುಮದ್ದು ಹಾಕಿಸಿಕೊಂಡ ಮಗುವಿಗೆ ಆ ರಾತ್ರಿ ಜ್ವರ ಬರುತ್ತದೆ. ತೊಡೆ ಊದಿಕೊಳ್ಳುತ್ತದೆ. ಚೆನ್ನಾಗಿದ್ದ ಮಗುವಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಅಜ್ಜಿ ಗದರುತ್ತಾರೆ. ಹತ್ತನೇ ವಾರ ಬಂದಾಗ ತಾಯಿ ಆಸ್ಪತ್ರೆಯತ್ತ ಹೆಜ್ಜೆ ಇಡುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಲಸಿಕೆ ತಪ್ಪಿಹೋಗುವುದು ಹೀಗೆ.

ಆದರೆ ಆ ಜ್ವರ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ನಾಯಿಕೆಮ್ಮು ಹಾಗಲ್ಲ. ನೆಗಡಿಯಂತೆ ಆರಂಭವಾಗುವ ಈ ರೋಗ ಬಳಿಕ ವಾರಗಟ್ಟಲೆ ಮಗುವಿನ ಉಸಿರು ಕಟ್ಟಿಸುತ್ತದೆ. ಎಳೆಯ ಕೂಸುಗಳಲ್ಲಿ ಕೆಮ್ಮಿನ ಸದ್ದೂ ಇಲ್ಲದೆ ಮುಖ ನೀಲಿಗಟ್ಟಿ ಉಸಿರೇ ನಿಲ್ಲಬಹುದು. ಇದನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯನ್ನು ಸರಕಾರ 6, 10 ಮತ್ತು 14ನೇ ವಾರಗಳಲ್ಲಿ ಉಚಿತವಾಗಿ ನೀಡುತ್ತಿದೆ. 16ರಿಂದ 24 ತಿಂಗಳ ನಡುವೆ ಮತ್ತು 5-6ನೇ ವಯಸ್ಸಿನಲ್ಲಿ ಡಿಪಿಟಿ ಬೂಸ್ಟರ್ ಇದೆ. ಒಂದನ್ನು ಹಾಕಿಸಿ ಉಳಿದುದನ್ನು ಕೈಬಿಟ್ಟರೆ ರಕ್ಷಣೆ ಅರೆಬರೆಯಾಗುತ್ತದೆ.

ಲಸಿಕೆಯ ಭಯವನ್ನು ಮುಸ್ಲಿಮರ ತಲೆಗೆ ಕಟ್ಟುವವರು ಜಪಾನಿನ ಕತೆ ತಿಳಿಯಬೇಕು. ಚುಚ್ಚುಮದ್ದಿನ ಬಳಿಕ ಎರಡು ಶಿಶುಗಳು ತೀರಿಕೊಂಡವೆಂದು 1975ರಲ್ಲಿ ಅಲ್ಲಿ ನಾಯಿಕೆಮ್ಮಿನ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಮತ್ತೆ ಆರಂಭವಾದಾಗಲೂ ಹೆತ್ತವರು ಮುಂದೆ ಬರಲಿಲ್ಲ. 1979ರಲ್ಲಿ 13 ಸಾವಿರಕ್ಕೂ ಅಧಿಕ ಮಂದಿಗೆ ರೋಗ ತಗಲಿತು, 41 ಮಂದಿ ಸತ್ತರು. ಭಯಕ್ಕೆ ಧರ್ಮವಿಲ್ಲ.

ಹಾಗಂತ ನಮ್ಮ ಹೊಣೆ ತಪ್ಪುತ್ತದೆಯೇ? ಅದೇ ಲಸಿಕೆ ತಡೆಯಬಹುದಾಗಿದ್ದ ಡಿಫ್ತೀರಿಯಾಕ್ಕೆ 2015 ಮತ್ತು 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮಕ್ಕಳು ಬಲಿಯಾದರು. ಲಸಿಕೆಯ ವಿರುದ್ಧದ ಅಪಪ್ರಚಾರಕ್ಕೆ ಅಲ್ಲಿ ನಮ್ಮವರೇ ಕಿವಿಗೊಟ್ಟಿದ್ದರು ಎಂಬುದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ಇನ್ನೊಂದು ಸಂಗತಿ. ಮೊದಲ ಆರು ವಾರ ಮಗುವಿಗೆ ನಾಯಿಕೆಮ್ಮಿನ ಲಸಿಕೆಯ ಆಸರೆಯಿಲ್ಲ. ಅದೇ ವೇಳೆ ಅಕೀಕಾಕ್ಕೆ ಬಂದ ನೆಂಟರೆಲ್ಲ ಕೂಸನ್ನು ಎತ್ತಿ ಮುದ್ದಿಸುತ್ತಾರೆ. ದೊಡ್ಡವರಿಗೆ ಬರೇ ಕೆಮ್ಮೆನಿಸುವುದು ಕೂಸಿಗೆ ಪ್ರಾಣಾಂತಿಕವಾಗಬಹುದು. ಕೆಮ್ಮುವವರು ದೂರ ನಿಲ್ಲಲಿ. ಅದರಲ್ಲಿ ಅವಮಾನವೇನೂ ಇಲ್ಲ.

ಸರಕಾರಕ್ಕೂ ಒಂದು ಮಾತು. ಅದು ಗರ್ಭಿಣಿಯರಿಗೆ ಉಚಿತವಾಗಿ ನೀಡುವ ಟಿಡಿ ಚುಚ್ಚುಮದ್ದಿನಲ್ಲಿ ನಾಯಿಕೆಮ್ಮಿನ ಅಂಶವಿಲ್ಲ. ಅದಿರುವ ಟಿಡ್ಯಾಪ್ ಅನ್ನು ಗರ್ಭಾವಸ್ಥೆಯಲ್ಲಿ ಪಡೆದರೆ ತಾಯಿಯ ರಕ್ಷಣೆ ಹುಟ್ಟುವ ಮಗುವಿಗೂ ದಾಟುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತವರಿಗೆ ಸಿಗುವ ಈ ರಕ್ಷಣೆ ಬೀಡಿ ಕಟ್ಟುವ ತಾಯಿಯ ಮಗುವಿಗೆ ಯಾಕಿಲ್ಲ? ದಿನಗೂಲಿ ಕಳಕೊಂಡು ಸರತಿಯಲ್ಲಿ ನಿಲ್ಲಲಾಗದ ತಾಯಂದಿರಿಗಾಗಿ ಲಸಿಕಾ ಶಿಬಿರ ಮೊಹಲ್ಲಾಕ್ಕೆ ಯಾಕೆ ಬರಬಾರದು?

ಈ ಪ್ರಶ್ನೆಗಳನ್ನು ಕೇಳುತ್ತಲೇ ನಾವು ಮಾಡಬೇಕಾದುದನ್ನು ಮಾಡೋಣ. ಲಸಿಕೆಯ ದಿನವನ್ನು ಜುಮಾದಲ್ಲಿ ಪ್ರಕಟಿಸುವುದಕ್ಕೆ ಮಸೀದಿ ಸಮಿತಿಗೆ ಖರ್ಚೇನಿದೆ? ಮಗುವಿನ ತಾಯಿ ಕಾರ್ಡನ್ನು ಇಂದೇ ತೆರೆದು ನೋಡಿ. ಯಾವುದಾದರೂ ಡೋಸ್ ತಪ್ಪಿದ್ದರೆ ತಡವಾಯಿತೆಂದು ಸುಮ್ಮನಾಗದೆ ಆರೋಗ್ಯ ಕೇಂದ್ರಕ್ಕೆ ಹೋಗಿ.